ಹಳೆಯ ಕಂಪ್ಯೂಟರಿನ ಗೆಳೆಯರಿಂದ ನಾವು ಕಲಿಯಬೇಕಾದದ್ದು



ನಿಮ್ಮ ಮನೆಯ ಅಟ್ಟದ ಮೇಲೆ ಕೆಟ್ಟುನಿಂತ ರೇಡಿಯೊ ಒಂದು ಇರಬಹುದು. "ಇದನ್ನೇಕೆ ಇಟ್ಟುಕೊಂಡಿದ್ದೀರಿ? ಗುಜರಿಗೆ ಹಾಕಬಾರದೇ?" ಎಂದು ಯಾರೋ ಕೇಳಿರುತ್ತಾರೆ. ಅಜ್ಜ ಮಾತ್ರ "ಇರಲಿ ಬಿಡು" ಎಂದಿರುತ್ತಾರೆ. ಅಲ್ಲವೇ?

ನಲವತ್ತು ವರ್ಷ ದಾಟಿದ ಕಂಪ್ಯೂಟರನ್ನು ಹೀಗೆಯೇ "ಇರಲಿ ಬಿಡು" ಎಂದು ಇಟ್ಟುಕೊಂಡವರು ಜಗತ್ತಿನಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರು ಅದನ್ನು ಬಟ್ಟೆ ಮುಚ್ಚಿ ಇಟ್ಟಿಲ್ಲ. ಇಂದಿಗೂ ನಡೆಸುತ್ತಾರೆ, ಕೆಟ್ಟರೆ ರಿಪೇರಿ ಮಾಡುತ್ತಾರೆ. ಆಗಾಗ ಒಂದೆಡೆ ಸೇರಿ, ಇಲ್ಲವೇ ಒಬ್ಬರಿಗೊಬ್ಬರು ಬರೆದು, ಆ ಯಂತ್ರದ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ. "ಕೆಲಸವಿಲ್ಲದವರ ಹರಟೆ" ಎಂದು ನಗುವವರೂ ಉಂಟು.

ನನ್ನ ಅಭಿಪ್ರಾಯ ಬೇರೆ. ಅದು ಬರಿಯ ಹರಟೆಯಲ್ಲ. ಒಳ್ಳೆಯ ವಿಜ್ಞಾನ ಹೇಗೆ ನಡೆಯುತ್ತದೆ ಎಂಬುದನ್ನು ಅವರ ಮಾತುಕತೆಯಲ್ಲಿ ಕಾಣಬಹುದು. ಹಾಗೇಕೆ ಹೇಳುತ್ತೇನೆ ಎಂಬುದನ್ನು ಒಂದೇ ಒಂದು ಕಂಪ್ಯೂಟರಿನ ಉದಾಹರಣೆಯಿಂದ ನೋಡೋಣ.

ಬೀಬ್ ಎಂಬ ಕಂಪ್ಯೂಟರ್

ಅದರ ಹೆಸರು ಬಿಬಿಸಿ ಮೈಕ್ರೊ. ಬಿಬಿಸಿ ಎಂದರೆ ಬ್ರಿಟನ್ನಿನ ರೇಡಿಯೊ ಮತ್ತು ಟಿ.ವಿ. ಸಂಸ್ಥೆ. ಜನರಿಗೆ ಕಂಪ್ಯೂಟರ್ ಎಂದರೇನೆಂದು ಟಿ.ವಿ.ಯ ಮೂಲಕ ಕಲಿಸಬೇಕೆಂದು ಆ ಸಂಸ್ಥೆ ಯೋಚಿಸಿತು. ಕಾರ್ಯಕ್ರಮ ನೋಡಿದವರು ಮನೆಯಲ್ಲಿ ಕುಳಿತು ಅಭ್ಯಾಸ ಮಾಡಲು ಒಂದು ಕಂಪ್ಯೂಟರ್ ಬೇಕಲ್ಲವೇ? ಕೇಂಬ್ರಿಜ್ ಊರಿನ ಏಕಾರ್ನ್ ಎಂಬ ಕಂಪೆನಿ ಅದನ್ನು ತಯಾರಿಸಿತು. 1981ರ ಡಿಸೆಂಬರಿನಲ್ಲಿ ಅದು ಹೊರಬಂತು. 1982ರ ಜನವರಿಯಲ್ಲಿ ಟಿ.ವಿ. ಕಾರ್ಯಕ್ರಮ ಆರಂಭವಾಯಿತು. ಸುಮಾರು 12,000 ಯಂತ್ರಗಳು ಮಾರಾಟವಾಗಬಹುದು ಎಂದು ಅಂದಾಜಿತ್ತು. ಆದರೆ ಕೊನೆಗೆ ಮಾರಾಟವಾದದ್ದು ಸುಮಾರು 15 ಲಕ್ಷ! ಬ್ರಿಟನ್ನಿನ ಬಹುಪಾಲು ಶಾಲೆಗಳಿಗೆ ಅದು ಹೋಯಿತು. ಅಲ್ಲಿಯ ಮಕ್ಕಳು ಪ್ರೀತಿಯಿಂದ ಅದನ್ನು 'ಬೀಬ್' ಎಂದು ಕರೆದರು.

ಬೀಬ್ ನಮ್ಮ ದೇಶಕ್ಕೂ ಬಂದಿತ್ತು. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು 1984ರಲ್ಲಿ ಭಾರತ ಸರ್ಕಾರ 'ಕ್ಲಾಸ್' ಎಂಬ ಯೋಜನೆ ಆರಂಭಿಸಿತು. ಆಯ್ದ ಪ್ರೌಢಶಾಲೆಗಳಿಗೆ ಆಗ ಕೊಟ್ಟದ್ದು ಇದೇ ಬಿಬಿಸಿ ಮೈಕ್ರೊವನ್ನು.

ಅದು ನೋಡಲು ದಪ್ಪನೆಯ ಕೀಲಿಮಣೆಯ ಹಾಗೆ. ಯಂತ್ರವೆಲ್ಲ ಕೀಲಿಮಣೆಯ ಪೆಟ್ಟಿಗೆಯೊಳಗೇ ಇತ್ತು. ಪರದೆಯಾಗಿ ಮನೆಯ ಟಿ.ವಿ.ಯನ್ನೇ ಜೋಡಿಸಬಹುದಿತ್ತು. ಅದರ ಸ್ಮರಣಶಕ್ತಿ ಎಷ್ಟು ಗೊತ್ತೇ? ಕೇವಲ 32 ಕಿಲೋಬೈಟ್. ಇಂದು ಮೊಬೈಲಿನಲ್ಲಿ ತೆಗೆದ ಒಂದು ಚಿತ್ರ 3 ಮೆಗಾಬೈಟ್ ಇದೆ ಎಂದುಕೊಳ್ಳಿ. ಆ ಒಂದೇ ಚಿತ್ರವನ್ನು ತುಂಬಿಡಲು 96 ಬೀಬ್‌ಗಳು ಬೇಕು! ನೀವು ಓದುತ್ತಿರುವ ಈ ಲೇಖನವನ್ನು ಇಂದಿನ ಕಂಪ್ಯೂಟರಿನಲ್ಲಿ ಉಳಿಸುವ ವಿಧಾನದಲ್ಲಿ ಉಳಿಸಹೊರಟರೆ ಬೀಬ್‌ನ ಸ್ಮರಣೆಯಲ್ಲಿ ಜಾಗ ಸಾಲದು.

ಕಾರ್ಯಕ್ರಮಗಳನ್ನು ಹಾಡು ಕೇಳುವ ಸಾಮಾನ್ಯ ಕ್ಯಾಸೆಟ್ಟಿನಲ್ಲೇ ಉಳಿಸಿಡುತ್ತಿದ್ದರು. ಕ್ಯಾಸೆಟ್ಟಿನಿಂದ ಸೆಕೆಂಡಿಗೆ ಸುಮಾರು 120 ಬೈಟ್ ಮಾತ್ರ ಒಳಗೆ ಹೋಗುತ್ತಿತ್ತು. 32 ಕಿಲೋಬೈಟ್ ತುಂಬಲು ಎಷ್ಟು ಹೊತ್ತು ಬೇಕು? ಒಂದು ಕಿಲೋಬೈಟಿಗೆ 1,024 ಬೈಟ್ ಎಂದು ಹಿಡಿದು ನೀವೇ ಲೆಕ್ಕ ಮಾಡಿ ನೋಡಿ. ನಾಲ್ಕೂವರೆ ನಿಮಿಷ ಬರುತ್ತದೆ.

ಇಷ್ಟು ಚಿಕ್ಕ ಯಂತ್ರವನ್ನು ರೂಪಿಸಿದವರಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಮುಖ್ಯರು. ಇವರಿಬ್ಬರೇ ಮುಂದೆ 'ಆರ್ಮ್' ಎಂಬ ಹೊಸ ಸಂಸ್ಕಾರಕವನ್ನು ರೂಪಿಸಿದರು. ಸಂಸ್ಕಾರಕ ಎಂದರೆ ಕಂಪ್ಯೂಟರಿನ ಲೆಕ್ಕ ಮಾಡುವ ಚಿಪ್. ಅದು ಮೊದಲ ಬಾರಿ ಕೆಲಸ ಮಾಡಿದ್ದು 1985ರ ಏಪ್ರಿಲ್‌ನಲ್ಲಿ, ಒಂದು ಬೀಬ್‌ಗೆ ಜೋಡಿಸಿದಾಗ. ಇಂದು ಹೆಚ್ಚುಕಡಿಮೆ ಎಲ್ಲ ಮೊಬೈಲ್ ಫೋನುಗಳಲ್ಲೂ ಇರುವುದು ಆ ವಂಶದ ಸಂಸ್ಕಾರಕವೇ. ನಿಮ್ಮ ಮನೆಯ ಮೊಬೈಲಿಗೆ ಬೀಬ್ ಒಂದು ರೀತಿಯಲ್ಲಿ ಅಜ್ಜಿ!

"ಬೂ" ಎಂದು ನಿಂತುಬಿಟ್ಟರೆ?

ಈಗ ಹವ್ಯಾಸಿಗಳ ಚರ್ಚೆಗೆ ಬರೋಣ. ಬೀಬ್‌ನ ಗುಂಡಿ ಒತ್ತಿದ ಕೂಡಲೇ ಅದು ಎರಡು ಸದ್ದು ಮಾಡುತ್ತದೆ. ಮೊದಲು ತಗ್ಗು ದನಿಯಲ್ಲಿ "ಬೂ", ಆಮೇಲೆ ಏರುದನಿಯಲ್ಲಿ "ಬೀಪ್". ಆಗ ಯಂತ್ರ ಸಿದ್ಧವಾಗಿದೆ ಎಂದರ್ಥ. ಕೆಲವು ಸಲ "ಬೂ" ಸದ್ದು ನಿಲ್ಲುವುದೇ ಇಲ್ಲ. "ಬೀಪ್" ಬರುವುದಿಲ್ಲ. ಪರದೆಯ ಮೇಲೂ ಏನೂ ಮೂಡುವುದಿಲ್ಲ.

ಇಂಥ ಬೀಬ್ ಹಿಡಿದುಕೊಂಡು ಬಂದ ಹೊಸಬ "ನನ್ನ ಕಂಪ್ಯೂಟರ್ ಕೆಟ್ಟಿದೆ, ಏನು ಮಾಡಲಿ?" ಎಂದು ಕೇಳಿದರೆ ಬಲ್ಲವರು ಒಡನೆ ಉತ್ತರ ಕೊಡುವುದಿಲ್ಲ. ಅವರೇ ತಿರುಗಿ ಪ್ರಶ್ನೆ ಕೇಳುತ್ತಾರೆ. "ಕೆಟ್ಟಿದೆ ಎಂದರೇನು? ಸದ್ದು ಬಂತೇ? ಎಂಥ ಸದ್ದು? ಪರದೆಯಲ್ಲಿ ಏನು ಕಂಡಿತು? ಚಿಪ್‌ಗಳಿಗೆ 5 ವೋಲ್ಟ್ ಬರುತ್ತಿದೆಯೇ? ಮೀಟರಿನಿಂದ ಅಳೆದಿರಾ?"

ಗಮನಿಸಿದಿರಾ? ಮೊದಲು ನೋಡು, ಅಳೆ, ಆಮೇಲೆ ಹೇಳು. 'ಕೆಟ್ಟಿದೆ' ಎಂಬುದು ನಮ್ಮ ತೀರ್ಮಾನ. 'ಬೂ ಎಂಬ ಸದ್ದು ನಿಲ್ಲಲಿಲ್ಲ' ಎಂಬುದು ನಾವು ಕಂಡದ್ದು. ಎರಡಕ್ಕೂ ಬಹಳ ವ್ಯತ್ಯಾಸವಿದೆ.

ಆ ಸದ್ದಿಗೂ ಒಂದು ಕಾರಣವಿದೆ. ಬೀಬ್‌ನಲ್ಲಿ ಸದ್ದು ಮಾಡಲೆಂದೇ ಒಂದು ಚಿಪ್ ಇದೆ. ವಿದ್ಯುತ್ ಬಂದ ಕೂಡಲೇ ಅದು ತನ್ನಷ್ಟಕ್ಕೆ ಕೂಗತೊಡಗುತ್ತದೆ. ಮುಖ್ಯ ಸಂಸ್ಕಾರಕ ಎಚ್ಚರಗೊಂಡು "ಸುಮ್ಮನಿರು" ಎಂದು ಆದೇಶ ಕೊಟ್ಟಮೇಲೆ ನಿಲ್ಲಿಸುತ್ತದೆ. ಹಾಗಾದರೆ ಕೂಗು ನಿಲ್ಲದಿದ್ದರೆ ಏನರ್ಥ? ಆದೇಶ ಕೊಡಬೇಕಾದ ಸಂಸ್ಕಾರಕ ಕೆಲಸ ಆರಂಭಿಸಿಯೇ ಇಲ್ಲ ಎಂದರ್ಥ. ಮೇಷ್ಟರು ತರಗತಿಗೆ ಬಂದಿಲ್ಲ ಎಂಬುದನ್ನು ಮಕ್ಕಳ ಗಲಾಟೆಯಿಂದಲೇ ತಿಳಿಯುವ ಹಾಗೆ!

ಮುಂದೆ ಏನು? ಚಿಪ್‌ನ ಕಾಲುಗಳು ಸಾಕೆಟ್ಟಿನಲ್ಲಿ ಸರಿಯಾಗಿ ಕೂರದಿರಬಹುದು. ವರ್ಷಗಳು ಕಳೆದಂತೆ ಆ ಕಾಲುಗಳಿಗೆ ಕಿಲುಬು ಹಿಡಿದಿರಬಹುದು. ಆಮೇಲೆ ಸೇರಿಸಿದ ಯಾವುದೋ ಚಿಪ್ ತೊಂದರೆ ಕೊಡುತ್ತಿರಬಹುದು. ಬಲ್ಲವರು ಹೇಳುವ ಮಾತು ಇದು: "ಒಂದು ಸಲಕ್ಕೆ ಒಂದನ್ನೇ ಬದಲಿಸು. ಬದಲಿಸಿದ ಮೇಲೆ ಏನಾಯಿತೆಂದು ಬರೆದಿಡು." ಒಟ್ಟಿಗೆ ನಾಲ್ಕು ಬದಲಾವಣೆ ಮಾಡಿದರೆ ಯಂತ್ರ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಗಿಡಕ್ಕೆ ಬೆಳಕು ಬೇಕೇ ಎಂದು ತಿಳಿಯಲು ನೀವು ಶಾಲೆಯಲ್ಲಿ ಎರಡು ಕುಂಡ ಇಡುತ್ತೀರಲ್ಲ? ಎರಡಕ್ಕೂ ಒಂದೇ ಮಣ್ಣು, ಒಂದೇ ಅಳತೆಯ ನೀರು; ಬೆಳಕು ಮಾತ್ರ ಬೇರೆ. ಅಲ್ಲಿಯ ನಿಯಮವೇ ಇಲ್ಲಿಯೂ.

ಹೊಗೆ ಕಲಿಸಿದ ಪಾಠ

ಇನ್ನೊಂದು ಉದಾಹರಣೆ ನೋಡಿ. ಅನೇಕ ವರ್ಷ ಮೂಲೆಯಲ್ಲಿದ್ದ ಬೀಬ್‌ಗೆ ಒಬ್ಬರು ವಿದ್ಯುತ್ ಕೊಟ್ಟರು ಎನ್ನಿ. ಸ್ವಲ್ಪ ಹೊತ್ತು ಚೆನ್ನಾಗಿ ನಡೆಯಿತು. ಆಮೇಲೆ 'ಟಪ್' ಎಂದು ಸದ್ದಾಗಿ ಒಳಗಿಂದ ದಟ್ಟವಾದ, ಕೆಟ್ಟ ವಾಸನೆಯ ಹೊಗೆ ಬಂತು! ವಿಚಿತ್ರವೆಂದರೆ, ಹೊಗೆ ಬಂದರೂ ಪರದೆಯ ಮೇಲಿನ ಅಕ್ಷರಗಳು ಹಾಗೆಯೇ ಇದ್ದವು.

ಇದು ಒಬ್ಬರಿಗೆ ಮಾತ್ರ ಆಗಿದ್ದರೆ 'ಏನೋ ಆಕಸ್ಮಿಕ' ಎಂದು ಬಿಟ್ಟುಬಿಡಬಹುದಿತ್ತು. ಆದರೆ ಬೇರೆ ಬೇರೆ ಊರಿನ ಬೀಬ್ ಮಾಲೀಕರು "ನನಗೂ ಹೀಗೇ ಆಯಿತು" ಎಂದರು. ಎಲ್ಲರ ಯಂತ್ರದಲ್ಲೂ ಸುಟ್ಟದ್ದು ಒಂದೇ ಬಿಡಿಭಾಗ. ಅದು ವಿದ್ಯುತ್ ಒಳಬರುವ ಕಡೆ ಇರುವ ಒಂದು ಕೆಪಾಸಿಟರ್, ಅಂದರೆ ವಿದ್ಯುತ್ ಧಾರಕ. ವಿದ್ಯುತ್ ತಂತಿಯಲ್ಲಿ ಬರುವ ಬೇಡದ ಏರಿಳಿತಗಳನ್ನು ಸೋಸುವುದು ಅದರ ಕೆಲಸ. ಅದರೊಳಗೆ ತೆಳು ಕಾಗದದ ಪದರವಿದೆ. ಹೊರಗಿನ ಪ್ಲಾಸ್ಟಿಕ್ ಕವಚ ಕಾಲ ಕಳೆದಂತೆ ಬಿರುಕು ಬಿಡುತ್ತದೆ. ಬಿರುಕಿನ ಮೂಲಕ ಗಾಳಿಯ ತೇವ ಒಳಗೆ ಸೇರುತ್ತದೆ. ಹಾಗೆ ತೇವ ಸೇರಿದ ಕೆಪಾಸಿಟರಿಗೆ ವಿದ್ಯುತ್ ಬಂದಾಗ ಅದು ಬಿಸಿಯಾಗಿ ಸಿಡಿಯುತ್ತದೆ. ಸೋಸುವ ಭಾಗ ಮಾತ್ರ ಸುಟ್ಟದ್ದರಿಂದ ಕಂಪ್ಯೂಟರ್ ನಡೆಯುತ್ತಲೇ ಇರಬಹುದು.

ಒಬ್ಬೊಬ್ಬರ ಅನುಭವ ಸೇರಿ ಎಲ್ಲರ ತಿಳಿವಳಿಕೆಯಾದದ್ದು ಹೀಗೆ. ಇಂದು ಬೀಬ್ ಕೊಂಡವರಿಗೆಲ್ಲ ಹಳಬರು ಹೇಳುವ ಮೊದಲ ಮಾತು, "ಆ ಕೆಪಾಸಿಟರ್ ಬದಲಾಯಿಸುವವರೆಗೆ ಗುಂಡಿ ಒತ್ತಬೇಡಿ." ಯಂತ್ರ ತಯಾರಾದಾಗ ಈ ವಿಷಯ ಯಾರ ಕೈಪಿಡಿಯಲ್ಲೂ ಇರಲಿಲ್ಲ. ಹೊಸ ಯಂತ್ರ ಹೇಗೆ ನಡೆಯುತ್ತದೆಂದು ಕೈಪಿಡಿ ಹೇಳಬಲ್ಲದು. ನಲವತ್ತು ವರ್ಷವಾದ ಮೇಲೆ ಹೇಗೆ ಕೆಡುತ್ತದೆಂದು ಇಟ್ಟುಕೊಂಡು ನೋಡಿದವರೇ ಹೇಳಬೇಕು.

ಎಲ್ಲ ಚರ್ಚೆಯೂ ಹೀಗೆ ಮುಗಿಯುವುದಿಲ್ಲ. ಹಳೆಯ ಕಂಪ್ಯೂಟರಿನ ತಿಳಿಬಣ್ಣದ ಪ್ಲಾಸ್ಟಿಕ್ ಕಾಲ ಕಳೆದಂತೆ ಹಳದಿಯಾಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಎಂಬ ರಾಸಾಯನಿಕ ಮತ್ತು ಅತಿನೇರಳೆ ಬೆಳಕು ಬಳಸಿ ಅದನ್ನು ಮತ್ತೆ ಬಿಳಿಯಾಗಿಸುವವರು ಇದ್ದಾರೆ. "ವಯಸ್ಸಾದ ಗುರುತನ್ನು ಏಕೆ ಅಳಿಸಬೇಕು?" ಎನ್ನುವವರೂ ಇದ್ದಾರೆ. ಬಿಳುಪು ಎಷ್ಟು ವರ್ಷ ನಿಲ್ಲುತ್ತದೆ ಎಂಬುದು ಅಳೆದು ತಿಳಿಯಬಹುದಾದ ಪ್ರಶ್ನೆ. ಬಿಳಿ ಮಾಡಬೇಕೇ ಬೇಡವೇ ಎಂಬುದು ಅವರವರ ಇಷ್ಟದ ಪ್ರಶ್ನೆ. ಮೊದಲನೆಯದಕ್ಕೆ ಪ್ರಯೋಗ ಬೇಕು, ಎರಡನೆಯದಕ್ಕೆ ತಾಳ್ಮೆ ಬೇಕು. ಈ ಎರಡನ್ನು ಬೆರೆಸಿಕೊಂಡಾಗಲೇ ಜಗಳ ಹುಟ್ಟುವುದು. ನಿಮ್ಮ ತರಗತಿಯ ವಾದಗಳನ್ನೇ ನೆನಪಿಸಿಕೊಳ್ಳಿ, ನನ್ನ ಮಾತು ನಿಜವೆನ್ನಿಸುತ್ತದೆ.

ಮಕ್ಕಳು ಬರೆದ ಊರಿನ ಕಥೆ

"ಇದೆಲ್ಲ ಸರಿ. ಆದರೆ ಹಳೆಯ ಕಂಪ್ಯೂಟರಿನಿಂದ ಇಂದು ಪ್ರಯೋಜನವೇನು?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಉತ್ತರವಾಗಿ ನಿಮ್ಮಂಥ ಮಕ್ಕಳದ್ದೇ ಒಂದು ಕಥೆ ಹೇಳುತ್ತೇನೆ.

ಇಂಗ್ಲೆಂಡಿನ ದೊರೆ ಒಂದನೆಯ ವಿಲಿಯಂ 1086ರಲ್ಲಿ ತನ್ನ ರಾಜ್ಯದ ಲೆಕ್ಕ ಬರೆಸಿದ. ಯಾವ ಊರಿನಲ್ಲಿ ಯಾರ ಭೂಮಿ ಎಷ್ಟು, ಉಳುವ ನೇಗಿಲು ಎಷ್ಟು ಎಂಬುದೆಲ್ಲ ಅದರಲ್ಲಿದೆ. ಆ ಪುಸ್ತಕಕ್ಕೆ ಡೂಮ್ಸ್‌ಡೇ ಪುಸ್ತಕ ಎಂದು ಹೆಸರು. 1986ಕ್ಕೆ ಅದಕ್ಕೆ 900 ವರ್ಷ ತುಂಬುತ್ತದೆಂದು ಬಿಬಿಸಿ ಒಂದು ಹೊಸ ಡೂಮ್ಸ್‌ಡೇ ಯೋಜನೆ ಹಾಕಿತು. ಈ ಸಲ ಬರೆದವರಲ್ಲಿ ಹೆಚ್ಚಿನವರು ಶಾಲಾ ಮಕ್ಕಳು. ದೇಶವನ್ನು 4 ಕಿ.ಮೀ. ಉದ್ದ, 3 ಕಿ.ಮೀ. ಅಗಲದ ತುಂಡುಗಳಾಗಿ ವಿಂಗಡಿಸಿ ಶಾಲೆಗಳಿಗೆ ಹಂಚಿದರು. ಮಕ್ಕಳು ತಮ್ಮ ಊರಿನ ಅಂಗಡಿ, ಹೊಲ, ಆಟ, ಊಟ, ದಿನಚರಿ ಎಲ್ಲವನ್ನೂ ಬರೆದರು. ಚಿತ್ರಗಳನ್ನೂ ಕಳಿಸಿದರು. ಹತ್ತು ಲಕ್ಷಕ್ಕೂ ಹೆಚ್ಚು ಜನ ಇದರಲ್ಲಿ ಪಾಲ್ಗೊಂಡರು.

ಅದನ್ನೆಲ್ಲ ಊಟದ ತಟ್ಟೆಯಷ್ಟು ಅಗಲದ ಲೇಸರ್ ಡಿಸ್ಕುಗಳಲ್ಲಿ ತುಂಬಿದರು. ಓದಲು ವಿಶೇಷವಾದ ಡಿಸ್ಕ್ ಯಂತ್ರವೊಂದು, ಅದಕ್ಕೆ ಜೋಡಿಸಿದ ಬೀಬ್ ಕುಟುಂಬದ ಕಂಪ್ಯೂಟರೊಂದು ಬೇಕಿತ್ತು. ಅದರ ಬೆಲೆ ಬಹಳ. ಹಾಗಾಗಿ ಹೆಚ್ಚು ಶಾಲೆಗಳು ಕೊಳ್ಳಲಾಗಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಡಿಸ್ಕ್ ಯಂತ್ರಗಳು ತಯಾರಾಗುವುದೂ ನಿಂತುಹೋಯಿತು. 2002ರ ಹೊತ್ತಿಗೆ ಒಂದು ದೊಡ್ಡ ಚಿಂತೆ ಹುಟ್ಟಿತು. 900 ವರ್ಷ ಹಳೆಯ ತೊಗಲಿನ ಪುಸ್ತಕವನ್ನು ಇನ್ನೂ ಓದಬಹುದು. ಹದಿನಾರು ವರ್ಷದ ಡಿಸ್ಕನ್ನು ಓದಲು ಯಂತ್ರವೇ ಸಿಗುವುದಿಲ್ಲ! ಮಕ್ಕಳು ಬರೆದ ಊರಿನ ಕಥೆಗಳೆಲ್ಲ ಕಳೆದೇಹೋಗುತ್ತವೆಯೇ?

ಪುಣ್ಯಕ್ಕೆ ಹಾಗಾಗಲಿಲ್ಲ. ಬ್ರಿಟನ್ನಿನ ಲೀಡ್ಸ್ ಮತ್ತು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಗಳವರು ಸೇರಿ, ಆ ಹಳೆಯ ಯಂತ್ರದಂತೆಯೇ ನಡೆದುಕೊಳ್ಳುವ ತಂತ್ರಾಂಶವನ್ನು ಇಂದಿನ ಕಂಪ್ಯೂಟರಿಗೆ ಬರೆದರು. 2011ರಲ್ಲಿ ಬಿಬಿಸಿ ಮಕ್ಕಳ ಬರಹಗಳನ್ನು ಅಂತರಜಾಲದಲ್ಲಿ ಪ್ರಕಟಿಸಿತು. ಹವ್ಯಾಸಿಗಳೂ ಸುಮ್ಮನಿರಲಿಲ್ಲ. ಡಿಸ್ಕಿನಿಂದ ಲೇಸರ್ ಓದುವ ಮೂಲ ಸಂಕೇತವನ್ನೇ ಪೂರ್ತಿಯಾಗಿ ನಕಲು ಮಾಡಿಕೊಳ್ಳುವ ಸಾಧನವನ್ನು ಅವರು ಕಟ್ಟಿದರು. ಅದರ ನಕ್ಷೆಯನ್ನು ಯಾರು ಬೇಕಾದರೂ ಬಳಸಲು ಬಿಟ್ಟುಕೊಟ್ಟರು. ಹಳೆಯ ಬೀಬ್ ಹೇಗೆ ಕೆಲಸ ಮಾಡುತ್ತದೆಂದು ಬಲ್ಲವರು ಉಳಿದಿದ್ದರಿಂದಲೇ ಇದು ಸಾಧ್ಯವಾಯಿತು.

ಎದುರು ವಾದವೂ ಇದೆ

"ಹಳೆಯ ಯಂತ್ರದಂತೆ ನಡೆಯುವ ತಂತ್ರಾಂಶ ಇದೆಯಲ್ಲ, ಇನ್ನು ಯಂತ್ರವೇಕೆ?" ಎಂದು ಕೆಲವರು ಕೇಳುತ್ತಾರೆ. ಆದರೆ ತಂತ್ರಾಂಶ ಸರಿಯಾಗಿದೆಯೇ ಎಂದು ಹೇಗೆ ತಿಳಿಯುವುದು? ಪಕ್ಕದಲ್ಲಿ ನಿಜವಾದ ಯಂತ್ರ ಇಟ್ಟು ಹೋಲಿಸಬೇಕು. ಅಳತೆಗೋಲು ಸರಿಯಿದೆಯೇ ಎಂದು ನೋಡಲು ಇನ್ನೊಂದು ನಂಬಿಕೆಯ ಅಳತೆಗೋಲು ಬೇಕಲ್ಲವೇ?

"ಎಲ್ಲ ಹಳೆಯ ವಸ್ತುಗಳನ್ನೂ ಇಟ್ಟುಕೊಂಡರೆ ಮನೆಯಲ್ಲಿ ಜಾಗವೆಲ್ಲಿ?" ಎಂದೂ ಕೇಳುತ್ತಾರೆ. ಇದು ನ್ಯಾಯವಾದ ಮಾತು. ಹಳೆಯ ಕಂಪ್ಯೂಟರಿನ ಬೆಸುಗೆಯಲ್ಲಿ ಸೀಸವಿರುತ್ತದೆ. ಅದು ಮಣ್ಣಿಗೆ, ನೀರಿಗೆ ಸೇರಬಾರದು. ಕೆಲಸಕ್ಕೆ ಬಾರದ್ದನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡುವುದೇ ಸರಿ. ಎಲ್ಲವನ್ನೂ ಕೂಡಿಡಿ ಎಂದು ನಾನು ಹೇಳುತ್ತಿಲ್ಲ. ಯಂತ್ರ ಹೋದರೂ ಅದರ ತಿಳಿವಳಿಕೆ ಅದರ ಜೊತೆಯಲ್ಲೇ ಗುಜರಿಗೆ ಹೋಗಬಾರದು ಎಂಬುದಷ್ಟೇ ನನ್ನ ಮಾತು.

ನಾವೇನು ಮಾಡಬಹುದು?

ನಿಮ್ಮ ಊರಿನಲ್ಲಿ ಬೀಬ್ ಇರಲಾರದು. ಆದರೆ ಕೈಪಂಪು ಇದೆ, ಹೊಲಿಗೆ ಯಂತ್ರ ಇದೆ, ಸೈಕಲ್ ಇದೆ, ತಕ್ಕಡಿ ಇದೆ. ಅವುಗಳನ್ನು ರಿಪೇರಿ ಮಾಡುವವರೂ ಇದ್ದಾರೆ. ಕೈಪಂಪಿನ ಸದ್ದು ಕೇಳಿಯೇ ಒಳಗಿನ ಯಾವ ಭಾಗ ಸವೆದಿದೆ ಎಂದು ಹೇಳುವವರನ್ನು ನೀವು ನೋಡಿರಬಹುದು. ಅವರ ತಲೆಯಲ್ಲಿರುವುದು ಯಾವ ಪುಸ್ತಕದಲ್ಲೂ ಇಲ್ಲ. ಯಾರೂ ಕೇಳಿ ಬರೆದುಕೊಳ್ಳದಿದ್ದರೆ ಅದು ಅವರೊಂದಿಗೇ ಹೋಗಿಬಿಡುತ್ತದೆ.

ಆದ್ದರಿಂದ ಒಂದು ಕೆಲಸ ಮಾಡಿ. ತರಗತಿಯಲ್ಲಿ ನಾಲ್ಕೈದು ಮಂದಿ ಸೇರಿ ಒಂದು ಯಂತ್ರವನ್ನು ಆರಿಸಿಕೊಳ್ಳಿ. ಅದಕ್ಕೊಂದು ನೋಟ್‌ಪುಸ್ತಕ ಇಡಿ. ಯಂತ್ರ ಯಾವ ದಿನ ಕೆಟ್ಟಿತು, ಏನು ಕಂಡಿತು, ಎಂಥ ಸದ್ದು ಕೇಳಿತು, ಯಾರು ಏನು ಬದಲಿಸಿದರು, ಆಮೇಲೆ ಏನಾಯಿತು ಎಂಬುದನ್ನು ತಾರೀಖು ಹಾಕಿ ಬರೆಯಿರಿ. ರಿಪೇರಿ ಸಫಲವಾಗದಿದ್ದರೆ ಅದನ್ನೂ ಬರೆಯಿರಿ. "ಹೀಗೆ ಮಾಡಿದೆವು, ಸರಿಹೋಗಲಿಲ್ಲ" ಎಂಬ ಒಂದು ಸಾಲು ಮುಂದಿನವರ ಅರ್ಧ ದಿನವನ್ನು ಉಳಿಸುತ್ತದೆ. ರಿಪೇರಿ ಮಾಡುವ ಮಾಮನನ್ನೋ ಅಕ್ಕನನ್ನೋ ಶಾಲೆಗೆ ಕರೆಸಿ ಮಾತನಾಡಿಸಲು ನಿಮ್ಮ ಗುರುಗಳನ್ನು ಕೇಳಿ.

ಒಂದು ಎಚ್ಚರಿಕೆ: ವಿದ್ಯುತ್ತಿನಿಂದ ನಡೆಯುವ ಯಾವುದನ್ನೂ ನೀವಾಗಿ ಬಿಚ್ಚಬೇಡಿ. ಹಳೆಯ ಟಿ.ವಿ., ಕಂಪ್ಯೂಟರುಗಳ ಒಳಗೆ ಪ್ಲಗ್ ತೆಗೆದ ಮೇಲೂ ವಿದ್ಯುತ್ ಉಳಿದಿರಬಹುದು. ನೋಡುವುದು, ಕೇಳುವುದು, ಬರೆಯುವುದು ನಿಮ್ಮ ಕೆಲಸ. ಬಿಚ್ಚುವುದು ಬಲ್ಲ ದೊಡ್ಡವರ ಕೆಲಸ.

ಅಂದು ತಮ್ಮ ಊರಿನ ಬಗ್ಗೆ ಬರೆದ ಆ ಮಕ್ಕಳಿಗೆ ಈಗ ನಿಮ್ಮ ಅಪ್ಪ ಅಮ್ಮನ ವಯಸ್ಸೋ, ಅದಕ್ಕಿಂತ ಹೆಚ್ಚೋ ಆಗಿರುತ್ತದೆ. ತಾವು ಬಾಲ್ಯದಲ್ಲಿ ಬರೆದದ್ದನ್ನು ಅವರು ಮತ್ತೆ ಓದುವಂತಾದದ್ದು, ಹಳೆಯ ಯಂತ್ರವೊಂದನ್ನು ಕೆಲವರು ಮರೆಯದೆ ಇದ್ದುದರಿಂದ. ನೀವು ಇಂದು ಬರೆದಿಡುವ ನೋಟ್‌ಪುಸ್ತಕವೂ ಮುಂದೆ ಯಾರಿಗೋ ಹಾಗೆಯೇ ಒದಗಬಹುದು. ಯಾವ ಯಂತ್ರವನ್ನು ಆರಿಸಿಕೊಳ್ಳುತ್ತೀರಿ? ನಾಳೆ ತರಗತಿಯಲ್ಲಿ ಮಾತನಾಡಿ ತೀರ್ಮಾನಿಸಿ.